ಕ್ರಿಯಾಪದ ಕೊನೆಗೆ

ಗಣಕಯಂತ್ರಕ್ಕೂ ಕನ್ನಡ ವ್ಯಾಕರಣಕ್ಕೂ ಏನು ನಂಟು ಎಂದು ಯಾರಾದರೂ ಕೇಳಿದ್ದರೆ, ಏನೂ ಇಲ್ಲವೆಂದು ಹೇಳಿ ನಾನು ಸುಮ್ಮನಾಗುತ್ತಿದ್ದೆ. ಬಹುಕಾಲ ಶಾಲೆಯಲ್ಲಿ ಸಂಧಿ ಸಮಾಸಗಳನ್ನು ಕಲಿಸಿದವನಿಗೆ ಅದಕ್ಕಿಂತ ಹೆಚ್ಚು ತಿಳಿಯುವುದಾದರೂ ಹೇಗೆ? ನನ್ನ ಅಜ್ಞಾನವನ್ನು ಕಳೆದವಳು ತಮ್ಮನ ಮಗಳು.

ಆಕೆ ದೇಸೂರಿನಲ್ಲಿ ಬೆಳೆದು, ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಕಲಿಯುತ್ತಿದ್ದಾಳೆ. ಒಂದು ಭಾನುವಾರ ಪುಸ್ತಕ ಮುಚ್ಚಿಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಬೈಟ್‌ಕೋಡ್ ಇಂಟರ್‌ಪ್ರಿಟರ್ ಒಂದನ್ನು ತಾನೇ ಕಟ್ಟಬೇಕಾಗಿತ್ತಂತೆ. “ಇದು ಇಂಗ್ಲಿಷಿನ್ಯಾಗ ವಿಚಾರ ಮಾಡೋರಿಗೆ ಬರೂದು, ದೊಡ್ಡಪ್ಪಾ. ನನಗ ಆಗೂದಿಲ್ಲ. ಈ ಓದು ಬಿಟ್ಟಬಿಡ್ತೇನಿ” ಎಂದಳು. ಆ ಮಾತು ನನ್ನನ್ನು ನೋಯಿಸಿತು. “ನನಗ ತಿಳಿಸಿ ಹೇಳು; ಆಮ್ಯಾಲ ಬಿಡುವಿಯಂತ” ಎಂದೆ.

ಇಂಟರ್‌ಪ್ರಿಟರ್ ಎಂದರೆ ದುಭಾಷಿ. ಆಜ್ಞೆಗಳನ್ನು ಒಂದೊಂದಾಗಿ ಓದಿ, ಓದಿದೊಡನೆ ನಡೆಸುವುದು ಅದರ ಕೆಲಸ. ಪ್ರತಿಯೊಂದು ಆಜ್ಞೆಯೂ 0ಯಿಂದ 255ರೊಳಗಿನ ಒಂದು ಅಂಕೆ, ಅರ್ಥಾತ್ ಒಂದು ಬೈಟ್. ಬೈಟ್‌ಕೋಡ್ ಎಂಬ ಹೆಸರು ಬಂದದ್ದು ಹೀಗೆ. ನಾವು ನಮ್ಮ ಯಂತ್ರಕ್ಕೆ ಐದೇ ಆಜ್ಞೆಗಳನ್ನು ಗೊತ್ತುಮಾಡಿದೆವು: 1 ಎಂದರೆ ಮುಂದಿನ ಅಂಕೆಯನ್ನು ಇಡು, 2 ಕೂಡಿಸು, 3 ಗುಣಿಸು, 4 ಕಳೆ, 0 ನಿಲ್ಲು.

ಆಜ್ಞೆಗಳು ಕಾಯುವುದು ಕ್ಯೂದಲ್ಲಿ. ರೈಲು ನಿಲ್ದಾಣದ ಟಿಕೆಟು ಕಿಂಡಿಯ ಮುಂದಿನ ಪಾಳಿಯಂತೆ, ಮೊದಲು ಬಂದವನು ಮೊದಲು ಹೋಗುತ್ತಾನೆ. ಅಂಕೆಗಳು ಕಾಯುವುದು ಸ್ಟ್ಯಾಕಿನಲ್ಲಿ. ಅದು ಒಂದರ ಮೇಲೊಂದು ಒಟ್ಟಿದ ಭತ್ತದ ಚೀಲಗಳಂತೆ. ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕು.

ಎರಡು ಕೂಡು ಮೂರು ಗುಣಿಸು ನಾಲ್ಕು ಎಂಬ ಲೆಕ್ಕವನ್ನು ತೆಗೆದುಕೊಂಡೆವು. ಪಾಳಿಯಲ್ಲಿ ನಿಂತ ಅಂಕೆಗಳು ಇವು: 1 2 1 3 1 4 3 2 0. ಮೊದಲಿನ ಆರು ಬೈಟುಗಳಿಂದ ಎರಡು, ಮೂರು, ನಾಲ್ಕು ಸ್ಟ್ಯಾಕನ್ನು ಏರಿದವು. ‘ಗುಣಿಸು’ ಬಂದಾಗ ಮೇಲಿನ ನಾಲ್ಕೂ ಮೂರೂ ಇಳಿದು, ಹನ್ನೆರಡು ಏರಿತು. ‘ಕೂಡಿಸು’ ಬಂದಾಗ ಹನ್ನೆರಡೂ ಎರಡೂ ಇಳಿದು, ಹದಿನಾಲ್ಕು ಏರಿತು. ಮುಂದೆ ಸೊನ್ನೆ, ಯಂತ್ರ ನಿಂತಿತು.

“ಸಂಖ್ಯೆ ಮೊದಲು, ಕೆಲಸ ಆಮ್ಯಾಲ. ಈ ಉಲ್ಟಾ ಕ್ರಮನ ನನಗ ತಿಳಿಯೂದಿಲ್ಲ” ಎಂದಳು.

ಉಲ್ಟಾ? ನಾನು ಅದೇ ಲೆಕ್ಕವನ್ನು ಕನ್ನಡದಲ್ಲಿ ಹೇಳೆಂದೆ. ಆಕೆ ನಿಧಾನವಾಗಿ ಹೇಳಿದಳು: “ಎರಡಕ್ಕೆ, ಮೂರನ್ನು ನಾಲ್ಕರಿಂದ ಗುಣಿಸಿ, ಕೂಡಿಸು.” ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಅರಳಿತು. ಎರಡು, ಮೂರು, ನಾಲ್ಕು, ಗುಣಿಸು, ಕೂಡಿಸು: ಯಂತ್ರ ಬೇಡಿದ ಕ್ರಮ ಅಕ್ಷರಶಃ ಇದೇ. ಕ್ರಿಯಾಪದವನ್ನು ಕೊನೆಗಿಡುವ ನಮ್ಮ ವಾಕ್ಯವನ್ನೇ ಆ ಯಂತ್ರ ಆಡುತ್ತಿತ್ತು!

ಆವರಣ ಚಿಹ್ನೆಗಳಿಲ್ಲದೆ ಲೆಕ್ಕ ಬರೆಯುವ ಬಗೆಯನ್ನು ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ಲುಕಾಸಿಯೇವಿಚ್ 1920ರ ದಶಕದಲ್ಲಿ ರೂಪಿಸಿದನು. ಅವನು ಕ್ರಿಯೆಯನ್ನು ಮೊದಲಿಗಿಟ್ಟನು. ಯಂತ್ರದವರು ಅದನ್ನು ತಿರುಗಿಸಿ ಕೊನೆಗಿಟ್ಟರು. ನಾವು ರೂಢಿಯಲ್ಲಿ ಬರೆಯುವ ಲೆಕ್ಕವನ್ನು ಈ ಕ್ರಮಕ್ಕೆ ತರುವ ಉಪಾಯವೊಂದನ್ನು ಹಾಲೆಂಡಿನ ಡೈಕ್‌ಸ್ಟ್ರಾ 1961ರಲ್ಲಿ ವಿವರಿಸಿದನು. ಅದಕ್ಕೆ ಬಂದ ಹೆಸರು ರೈಲಿನ ಶಂಟಿಂಗ್ ಯಾರ್ಡಿನದು. ಅಂಕೆಗಳೆಂಬ ಡಬ್ಬಿಗಳು ನೇರ ಮುಂದೆ ಸಾಗಿ ಪಾಳಿ ಹಿಡಿಯುತ್ತವೆ. ಚಿಹ್ನೆಗಳು ಒಂದೇ ಬಾಯಿಯ ಪಕ್ಕದ ಹಳಿಯಲ್ಲಿ ಕಾಯುತ್ತವೆ. ಕೂಡಿಸುವ ಚಿಹ್ನೆ ಒಳಗೆ ನಿಂತಿರುವಾಗ ಅದಕ್ಕಿಂತ ಬಲವಾದ ಗುಣಿಸುವ ಚಿಹ್ನೆ ಬಂದು ಮುಂದೆ ನಿಂತರೆ, ಹೊರಡುವಾಗ ಅದೇ ಮೊದಲು. ಖಾನಾಪುರದ ಕಡೆಯ ಗಾಡಿಗಳನ್ನು ನೋಡುತ್ತ ಬೆಳೆದ ಹುಡುಗಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಸಂಜೆಯ ಹೊತ್ತಿಗೆ ಅವಳ ಯಂತ್ರ ನಡೆಯತೊಡಗಿತು. ಆದರೆ ಹತ್ತರಲ್ಲಿ ನಾಲ್ಕು ಕಳೆಯೆಂದರೆ ಋಣ ಆರು ಎಂದಿತು. ತಪ್ಪು ಎಲ್ಲಿ? ಸ್ಟ್ಯಾಕಿನಿಂದ ಮೊದಲು ಇಳಿಯುವುದು ನಾಲ್ಕು. ಅದರಲ್ಲಿ ಹತ್ತನ್ನು ಕಳೆಯುವಂತೆ ಬರೆದಿದ್ದಳು. ‘ಹತ್ತರಲ್ಲಿ ನಾಲ್ಕನ್ನು ಕಳೆ’ ಎಂದರೂ ‘ನಾಲ್ಕನ್ನು ಹತ್ತರಲ್ಲಿ ಕಳೆ’ ಎಂದರೂ ನಮಗೆ ಅರ್ಥವೊಂದೇ, ಏಕೆಂದರೆ ವಿಭಕ್ತಿ ಪ್ರತ್ಯಯಗಳು ನಮ್ಮನ್ನು ಕಾಯುತ್ತವೆ. ಯಂತ್ರಕ್ಕೆ ವಿಭಕ್ತಿಯಿಲ್ಲ, ಇಟ್ಟ ಕ್ರಮವೇ ಅದರ ವಿಭಕ್ತಿ. ಮೊದಲು ಇಳಿದದ್ದನ್ನು ಎರಡನೆಯದೆಂದು ಎಣಿಸಿದಾಗ ಆರು ಸರಿಯಾಗಿ ಬಂದಿತು.

ಇನ್ನೊಂದು ಕೊರತೆಯನ್ನು ಅವಳೇ ಕಂಡುಹಿಡಿದಳು. ಪಾಳಿಯಿಂದ ಹೊರಟ ಆಜ್ಞೆ ಮರಳುವುದಿಲ್ಲ. ಹಾಗಾದರೆ ಒಂದೇ ಕೆಲಸವನ್ನು ನೂರು ಸಲ ಮಾಡಿಸುವುದು ಹೇಗೆ? ಅದಕ್ಕಾಗಿಯೇ ದೊಡ್ಡ ಯಂತ್ರಗಳಲ್ಲಿ ಆಜ್ಞೆಗಳನ್ನು ಕಳೆಯದೆ ಸಾಲಾಗಿ ಇಟ್ಟುಕೊಂಡು, ಯಾವುದನ್ನು ಓದುತ್ತಿದ್ದೇವೆಂದು ಬೆರಳಿಟ್ಟುಕೊಳ್ಳುತ್ತಾರೆ. ಬೆರಳನ್ನು ಹಿಂದಕ್ಕೆ ಸರಿಸಿದರೆ ಕೆಲಸ ಮತ್ತೆ ಮೊದಲಾಗುತ್ತದೆ. 1995ರಲ್ಲಿ ಹೊರಬಂದ ಜಾವಾದ ಯಂತ್ರವೂ ಹೀಗೆಯೇ ನಡೆಯುತ್ತದೆ. ಅದರಲ್ಲಿ ಪೂರ್ಣಾಂಕಗಳನ್ನು ಕೂಡಿಸುವ ಆಜ್ಞೆ 96, ಗುಣಿಸುವುದು 104. ಅಂಕೆಗಳು ಬೇರೆ, ಸ್ಟ್ಯಾಕಿನಲ್ಲಿ ಇಟ್ಟು ತೆಗೆಯುವ ಬಗೆ ಅದೇ.

ಯಂತ್ರಕ್ಕೆ ಕನ್ನಡ ಬರುತ್ತದೆಂದು ನಾನು ಹೇಳಲಾರೆ. ಇಂಗ್ಲಿಷು ಬರುತ್ತದೆಂದೂ ಹೇಳಲಾರೆ. ಆದರೆ ಮನೆಮಾತಿನಲ್ಲಿ ವಿಚಾರ ಮಾಡುವವರಿಗೆ ಅದರ ಬಾಗಿಲು ಮುಚ್ಚಿದೆಯೆಂಬುದು ಮಾತ್ರ ಸುಳ್ಳು. ಓದು ಬಿಡುವ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ. ಮರುದಿನ ಮುಂಜಾನೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬೆಳಗಾವಿಗೆ ಹೊರಟಳು.