ಹಗ್ಗ ಸಡಿಲಿಸುವ ಗಳಿಗೆ

ಅಮೆರಿಕದ ಪಶ್ಚಿಮದಲ್ಲಿ ನೆವಾಡ, ಆರೆಗನ್, ಐಡಹೊ ರಾಜ್ಯಗಳು ಒಂದಕ್ಕೊಂದು ತಾಗುವ ಸೀಮೆ ಬಹುಪಾಲು ಒಣ ಬಯಲು. ಮಳೆ ಕಡಿಮೆ, ಮರ ಇನ್ನೂ ಕಡಿಮೆ. ಕಣ್ಣು ಹಾಯುವಷ್ಟು ದೂರವೂ ಸೇಜ್‌ಬ್ರಷ್ ಎಂಬ ಬೂದು ಬಣ್ಣದ ಕುರುಚಲು ಗಿಡ. ದನ ಮೇಯಿಸುವ ಇಲ್ಲಿನ ರ‍್ಯಾಂಚ್‌ಗಳು ಸಾವಿರಾರು ಎಕರೆ ಹರಡಿಕೊಂಡಿವೆ. ಕಲ್ಲು ಕೊರಕಲುಗಳಲ್ಲಿ ಚದುರಿಹೋದ ದನಗಳನ್ನು ಒಟ್ಟುಗೂಡಿಸಲು ಜೀಪು ನುಗ್ಗದ ಕಡೆ ಇವತ್ತಿಗೂ ಕುದುರೆಯೇ ಹೋಗಬೇಕು. ಹಾಗಾಗಿ ಪ್ರತಿವರ್ಷ ಒಂದಷ್ಟು ಎಳೆಗುದುರೆಗಳು ಕೆಲಸಕ್ಕೆ ತಯಾರಾಗಬೇಕು. ಅವನ್ನು ತಯಾರು ಮಾಡುವ ಕೈಗಳೂ ತಯಾರಾಗಬೇಕು. ಈ ಎರಡನೆಯದೇ ಕಷ್ಟದ್ದು, ಈ ಅಧ್ಯಾಯ ಹೆಚ್ಚಾಗಿ ಅದರದ್ದೇ.

ಕೆಲಸ ಕಲಿಯಲು ಬಂದ ಹುಡುಗನಿಗೋ ಹುಡುಗಿಗೋ ಒಳ್ಳೆಯ ರ‍್ಯಾಂಚಿನಲ್ಲಿ ಮೊದಲ ದಿನವೇ ಎಳೆಗುದುರೆಯ ಬೆನ್ನು ಸಿಗುವುದಿಲ್ಲ. ಸಿಗುವುದು ಒಂದು ಹಗ್ಗ. ಅದರ ಆಚೆ ತುದಿ, ಮೂಗಿನ ಮೇಲೆ ಹಾದು ಕಿವಿಯ ಹಿಂದೆ ಸುತ್ತಿದ ಮುಖದಾರಕ್ಕೆ ಸೇರಿರುತ್ತದೆ. ಮುಖದಾರದ ಒಳಗೆ ಇರುವುದು ಎರಡು ವರ್ಷ ದಾಟಿದ, ಸುಮಾರು 400 ಕಿಲೋ ತೂಗುವ, ಯಾವ ಗಳಿಗೆಯಲ್ಲಾದರೂ ಓಡಿಹೋಗಲು ಸಿದ್ಧವಿರುವ ಒಂದು ಜೀವ.

ಓಡುವುದೇ ಅದರ ಹುಟ್ಟುಗುಣ. ತಾಯಿಯ ಹೊಟ್ಟೆಯಲ್ಲಿ ಸುಮಾರು ಹನ್ನೊಂದು ತಿಂಗಳು ಬೆಳೆದು ಹೊರಬಂದ ಕುದುರೆಮರಿ ಒಂದೆರಡು ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಅದೇ ದಿನ ತಾಯಿಯ ಜೊತೆ ಓಡಬಲ್ಲದು. ತೋಳ, ಸಿಂಹಗಳ ಬಾಯಿಂದ ತಪ್ಪಿಸಿಕೊಂಡೇ ಬೆಳೆದ ವಂಶ ಅದು. ತಲೆಯ ಎರಡು ಬದಿಯಲ್ಲಿರುವ ಕಣ್ಣುಗಳಿಗೆ ಹೆಚ್ಚುಕಡಿಮೆ 350 ಡಿಗ್ರಿ ಸುತ್ತಲೂ ಕಾಣಿಸುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಒಂದಿಷ್ಟು, ಬಾಲದ ನೇರ ಹಿಂದೆ ಒಂದಿಷ್ಟು. ನಾವು ಪ್ರೀತಿಯಿಂದ ಹಣೆ ಸವರಲು ಕೈ ಚಾಚುವುದು ಸರಿಯಾಗಿ ಆ ಕಾಣದ ಜಾಗಕ್ಕೆ. ಹೊಸಬರಿಗೆ ಹಳಬರು ಭುಜದ ಕಡೆಯಿಂದ ಹೋಗಿ, ಅಲ್ಲೇ ಮುಟ್ಟಿ ಎಂದು ಹೇಳುವುದು ಅದಕ್ಕೇ. ಇನ್ನು ಚರ್ಮ ಎಷ್ಟು ಸೂಕ್ಷ್ಮ ಎಂದರೆ, ನೊಣ ಕೂತರೂ ಆ ಜಾಗದ ಚರ್ಮ ಮಾತ್ರ ಅದುರಿ ನೊಣವನ್ನು ಎಬ್ಬಿಸುತ್ತದೆ. ನೊಣದ ಭಾರ ತಿಳಿಯುವ ಪ್ರಾಣಿಗೆ ಮನುಷ್ಯನ ಕೈಯ ಭಾರ ಎಷ್ಟಾಗಬೇಡ!

ಈಗ ಮೊದಲ ಪಾಠವನ್ನು ಹತ್ತಿರದಿಂದ ನೋಡೋಣ. ಕಲಿಯುವವನು ಕುದುರೆಯ ಎಡಭುಜದ ಪಕ್ಕ ನಿಂತು, ಮುಖದಾರದ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು ತನ್ನ ಕಡೆಗೆ ತುಸು ಎಳೆದು ಹಿಡಿಯುತ್ತಾನೆ. ಜಗ್ಗುವುದಿಲ್ಲ, ಬರೀ ಹಿಡಿದಿರುತ್ತಾನೆ. ಕುದುರೆ ಕತ್ತನ್ನು ಆಚೆಗೆ ಒತ್ತುತ್ತದೆ. ಎಳೆತಕ್ಕೆ ಎದುರಾಗಿ ಒತ್ತುವುದು ಅದರ ಸಹಜ ಸ್ವಭಾವ. ಅವನ ಬೆರಳು ಬಿಗಿಯಾಗುವುದಿಲ್ಲ, ಸಡಿಲವೂ ಆಗುವುದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಒಂದು ಕಿವಿ ಅವನ ಕಡೆ ತಿರುಗುತ್ತದೆ. ಆಮೇಲೆ ಕುದುರೆ ಮೂಗನ್ನು ಒಂದೇ ಒಂದು ಅಂಗುಲ ಈಚೆಗೆ ತರುತ್ತದೆ. ಅದೇ ಕ್ಷಣ ಬೆರಳು ತೆರೆದುಕೊಂಡು ಹಗ್ಗ ಜೋತುಬೀಳಬೇಕು.

ಪಾಠ ಇರುವುದು ಅಲ್ಲೇ. ಎಳೆತ ಒಂದು ಪ್ರಶ್ನೆ ಅಷ್ಟೆ, ಸಡಿಲವೇ ಉತ್ತರ. ಸಡಿಲ ಬಂದಾಗ ತಾನು ಏನು ಮಾಡುತ್ತಿತ್ತೋ ಅದನ್ನೇ ಕುದುರೆ ನೆನಪಿಟ್ಟುಕೊಳ್ಳುತ್ತದೆ. ಬಿಡುವುದು ಒಂದೆರಡು ಸೆಕೆಂಡು ತಡವಾದರೆ ಆ ಕೊಂಡಿ ಕಳಚಿಹೋಗುತ್ತದೆ, ಎಳೆತ ಯಾಕೆ ನಿಂತಿತು ಎಂಬುದು ಕುದುರೆಗೆ ತಿಳಿಯುವುದಿಲ್ಲ. ಬೇಗ ಬಿಟ್ಟರೆ ಇನ್ನೂ ಕೆಡುಕು. ಕುದುರೆ ಆಚೆಗೆ ಜಗ್ಗುತ್ತಿರುವಾಗ ಕೈ ಸೋತು ಹಗ್ಗ ಬಿಟ್ಟವನು, ಜಗ್ಗಿದರೆ ಬಿಡುಗಡೆ ಸಿಗುತ್ತದೆ ಎಂದು ಅದಕ್ಕೆ ಚೆನ್ನಾಗಿ ಕಲಿಸಿದ ಹಾಗಾಯಿತು. ಅಂಥ ಕುದುರೆಯನ್ನು ಜನ ಮೊಂಡು ಅನ್ನುತ್ತಾರೆ. ಪಾಪ, ಅದು ಕಲಿತದ್ದನ್ನು ಒಪ್ಪಿಸುತ್ತಿದೆ.

ಹೊಸಬರು ಮಾಡುವ ಇನ್ನೊಂದು ತಪ್ಪು, ಸರಿಯಾಗಿ ಆದದ್ದನ್ನು ಮತ್ತೊಮ್ಮೆ ಮಾಡಿಸಿ ನೋಡುವ ಆಸೆ. ಹತ್ತನೆಯ ಸಲಕ್ಕೆ ಕುದುರೆ ಬೇಸತ್ತು ಬಾಲ ಬೀಸುತ್ತದೆ. ಅಂದಿನ ಪಾಠ ಜಗಳದಲ್ಲಿ ಮುಗಿಯುತ್ತದೆ. ನನ್ನ ತಿಳಿವಳಿಕೆಯಲ್ಲಿ ಈ ಆಸೆಯನ್ನು ಗೆಲ್ಲುವುದು ಕುದುರೆಯ ಬೆನ್ನೇರುವುದಕ್ಕಿಂತ ಕಷ್ಟ.

ಕುದುರೆ ನಮ್ಮ ಮೈಯನ್ನು ಎಷ್ಟು ನಿಖರವಾಗಿ ಓದುತ್ತದೆ ಎಂಬುದಕ್ಕೆ ಬರ್ಲಿನ್ನಿನ ಹಾನ್ಸ್ ಸಾಕ್ಷಿ. ಸುಮಾರು 1904ರ ಹೊತ್ತಿಗೆ ಈ ಕುದುರೆ ಲೆಕ್ಕ ಮಾಡುತ್ತದೆ ಎಂದು ಊರೆಲ್ಲ ಸುದ್ದಿ. ಪ್ರಶ್ನೆ ಕೇಳಿದರೆ ಗೊರಸಿನಿಂದ ನೆಲ ತಟ್ಟಿ ಉತ್ತರದ ಅಂಕಿ ಹೇಳುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕ ತಾಳ್ಮೆಯಿಂದ ಪರೀಕ್ಷಿಸಿ 1907ರಲ್ಲಿ ಗುಟ್ಟು ಬಿಡಿಸಿದರು. ತಟ್ಟುವಿಕೆ ಸರಿಯುತ್ತರಕ್ಕೆ ಬಂದ ಕೂಡಲೇ ಪ್ರಶ್ನೆ ಕೇಳಿದವರ ತಲೆ ಅವರಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹಾನ್ಸ್ ಅದನ್ನು ಕಂಡು ನಿಲ್ಲಿಸುತ್ತಿತ್ತು. ಉತ್ತರ ಗೊತ್ತಿಲ್ಲದವರು ಕೇಳಿದಾಗ ಅದಕ್ಕೂ ಗೊತ್ತಾಗುತ್ತಿರಲಿಲ್ಲ. ಇದನ್ನು ಕುದುರೆಯ ಸೋಲು ಎಂದು ಬರೆಯುವವರಿದ್ದಾರೆ, ನನಗೆ ಹಾಗನಿಸುವುದಿಲ್ಲ. ಉಸಿರು ಬಿಗಿಹಿಡಿದು, ಹೆಗಲು ಸೆಟೆಸಿಕೊಂಡು ದೊಡ್ಡಿಯೊಳಗೆ ಕಾಲಿಟ್ಟವನ ಭಯವನ್ನು ಇಂಥ ಪ್ರಾಣಿಯಿಂದ ಮುಚ್ಚಿಡಲಾಗದು.

ಹಿಂದೆ ಇಷ್ಟೆಲ್ಲ ವ್ಯವಧಾನ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರ‍್ಯಾಂಚ್‌ಗಳಲ್ಲಿ ಕುದುರೆ ಅಗ್ಗ, ಸಮಯ ತುಟ್ಟಿ. ಬಯಲಿನಲ್ಲಿ ನಾಲ್ಕೈದು ವರ್ಷ ಕಾಡಾಗಿ ಬೆಳೆದದ್ದನ್ನು ಕುಣಿಕೆ ಎಸೆದು ಹಿಡಿದು, ಗೂಟಕ್ಕೆ ಬಿಗಿದು, ಕಣ್ಣಿಗೆ ಬಟ್ಟೆ ಕಟ್ಟಿ, ಜೀನು ಹಾಕಿ ಹತ್ತಿಬಿಡುತ್ತಿದ್ದರು. ಅದು ನೆಗೆದು ನೆಗೆದು ಸೋತು ನಿಂತರೆ ಪಳಗಿತು ಎಂದು ಲೆಕ್ಕ. ಈ ಕೆಲಸಕ್ಕೆಂದೇ ತಿರುಗುತ್ತಿದ್ದವರಿಗೆ ತಲೆಗಿಷ್ಟು ಎಂದು ಕೂಲಿ. ಅದನ್ನು ಕುದುರೆ ‘ಮುರಿಯುವುದು’ ಎಂದೇ ಕರೆದರು. ಆ ಮಾತು ಸುಳ್ಳಲ್ಲ.

ಅದೇ ನೆಲದಲ್ಲಿ ಬೇರೊಂದು ಪದ್ಧತಿಯೂ ಇತ್ತು. 1769ರಿಂದ ಕ್ಯಾಲಿಫೋರ್ನಿಯಕ್ಕೆ ಬಂದು ನೆಲೆಯೂರಿದ ಸ್ಪೇನಿನವರ ಜೊತೆ ಬಂದ ವಕೇರೊಗಳ, ಅಂದರೆ ದನಗಾಹಿ ಸವಾರರ, ಪದ್ಧತಿ ಅದು. ಅವರಿಗೆ ಅವಸರ ಇರಲಿಲ್ಲ. ಎಳೆಗುದುರೆಯ ಬಾಯಿಗೆ ಕಬ್ಬಿಣ ಇಡದೆ, ಹೆಣೆದ ಹಸಿ ಚರ್ಮದ ಬೊಸಾಲ್ ಎಂಬ ಬಳೆಯನ್ನು ಮೂಗಿನ ಮೇಲೆ ಕೂರಿಸಿ, ಕುದುರೆಕೂದಲಲ್ಲಿ ಹೊಸೆದ ಹಗ್ಗವನ್ನೇ ಲಗಾಮು ಮಾಡಿಕೊಂಡು ಶುರುಮಾಡುತ್ತಿದ್ದರು. ಇದರ ಹಿಂದೆ ದೇಹದ ತಿಳಿವೂ ಇದೆ. ಕುದುರೆಯ ಮುಂಬದಿಯ ಹಾಲುಹಲ್ಲುಗಳು ಸುಮಾರು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಜೋಡಿ ಜೋಡಿಯಾಗಿ ಬಿದ್ದು ಹೊಸ ಹಲ್ಲು ಬರುತ್ತವೆ. ವಸಡು ನೋಯುವ ಆ ಕಾಲದಲ್ಲಿ ಬಾಯಿಗೆ ಕಡಿವಾಣ ಹಾಕದೆ ಕಾಯುವುದು ಜಾಣತನ. ಪೂರ್ತಿ ಕಡಿವಾಣದ ಕುದುರೆ ಸಿದ್ಧವಾಗಲು ಐದಾರು ವರ್ಷ ಹಿಡಿದರೂ ಅವರಿಗೆ ಅದು ಹೆಚ್ಚೆನಿಸುತ್ತಿರಲಿಲ್ಲ.

ಆರೆಗನ್ನಿನ ರ‍್ಯಾಂಚಿನಲ್ಲಿ ಬೆಳೆದ ಬಿಲ್ ಮತ್ತು ಟಾಮ್ ಡೊರೆನ್ಸ್ ಸಹೋದರರು ಇಪ್ಪತ್ತನೆಯ ಶತಮಾನದಲ್ಲಿ ಈ ನಿಧಾನಕ್ಕೆ ಹೊಸ ಜೀವ ಕೊಟ್ಟರು. ಟಾಮ್ (1910–2003) ಹೆಚ್ಚು ಮಾತಿನವರಲ್ಲ. ಕುದುರೆ ಏನು ಮಾಡಿತು ಎನ್ನುವುದಕ್ಕಿಂತ, ಅದನ್ನು ಮಾಡುವುದಕ್ಕೆ ಮುಂಚೆ ಏನಾಯಿತು ಎಂಬ ಕಡೆಗೆ ಅವರ ಗಮನ. ಹೊಂಡೊ ಎಂಬ, ಯಾರ ಹಿಡಿತಕ್ಕೂ ಸಿಗದ ಕುದುರೆಯ ಜೊತೆ ಹೆಣಗುತ್ತಿದ್ದ ರೇ ಹಂಟ್ (1929–2009) ಟಾಮ್ ಅವರಿಂದ ಕಲಿತು, ಮುಂದೆ ಊರೂರು ತಿರುಗಿ ಬಯಲಲ್ಲೇ ಪಾಠ ಹೇಳಿದರು. ಹಂಟರ ಶಿಷ್ಯ ಬಕ್ ಬ್ರ್ಯಾನಮನ್. ತಂದೆಯ ಹೊಡೆತ ತಿನ್ನುತ್ತ ಬೆಳೆದು, ಕಡೆಗೆ ಸಾಕುಮನೆಯಲ್ಲಿ ನೆಮ್ಮದಿ ಕಂಡವರು. ಹೆದರಿದ ಕುದುರೆಯ ಕಣ್ಣು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. 2011ರಲ್ಲಿ ಬಂದ ‘ಬಕ್’ ಸಾಕ್ಷ್ಯಚಿತ್ರ ಅವರ ಬದುಕನ್ನೇ ಹೇಳುತ್ತದೆ.

ಇವರೆಲ್ಲರ ಶಾಲೆ ಒಂದೇ: ಐವತ್ತು ಅರವತ್ತು ಅಡಿ ಅಗಲದ ದುಂಡು ದೊಡ್ಡಿ. ಮೂಲೆ ಇಲ್ಲದ್ದರಿಂದ ಕುದುರೆ ಎಲ್ಲಿಯೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ನಡುವೆ ನಿಂತ ಮನುಷ್ಯ ಒಂದು ಹೆಜ್ಜೆ ಮುಂದಿಟ್ಟರೆ ಅದು ಓಡುತ್ತದೆ, ಹಿಂದಿಟ್ಟರೆ ನಿಧಾನಿಸುತ್ತದೆ. ಸ್ವಲ್ಪ ಹೊತ್ತಿಗೆ ಒಳಬದಿಯ ಕಿವಿ ಅವನ ಮೇಲೇ ನೆಡುತ್ತದೆ, ತಲೆ ತಗ್ಗುತ್ತದೆ, ಬಾಯಿ ಚಪ್ಪರಿಸುತ್ತದೆ. ಚಪ್ಪರಿಸಿದ್ದನ್ನು ಒಪ್ಪಿಗೆ ಎಂದು ಕೆಲವರು ಓದುತ್ತಾರೆ. ಬಿಗಿದಿದ್ದ ಮೈ ಸಡಿಲಾಗುವಾಗ ಕಾಣುವ ಲಕ್ಷಣ ಎನ್ನುವುದು ಹೆಚ್ಚು ಸರಿ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ದುಂಡು ದೊಡ್ಡಿಯಲ್ಲಿ ಬೆವರು ಸುರಿಯುವವರೆಗೆ ಓಡಿಸಿ, ಸುಸ್ತಾಗಿ ನಿಂತದ್ದನ್ನು ಸ್ನೇಹ ಎಂದು ತೋರಿಸುವ ಆಟವೂ ನಡೆಯುತ್ತದೆ. ಅದು ಹಳೆಯ ಮುರಿಯುವಿಕೆಯೇ, ಗೂಟ ಮಾತ್ರ ಇಲ್ಲ.

ಜೀನಿನ ದಿನವೂ ಹೀಗೇ ತುಣುಕು ತುಣುಕು. ಮೊದಲು ಕಂಬಳಿಯನ್ನು ಮೈಗೆಲ್ಲ ಸವರಿ, ತೆಗೆದು, ಮತ್ತೆ ಸವರುತ್ತಾರೆ. ಎದೆಯ ಸುತ್ತ ಹಗ್ಗದ ಬಿಗಿ ಅಭ್ಯಾಸವಾದ ಮೇಲೆ ಜೀನು. ಹೊಟ್ಟೆಪಟ್ಟಿಯನ್ನು ಒಂದೇ ಸಲ ಬಿಗಿದರೆ ಕುದುರೆ ಬೆದರುತ್ತದೆ, ತೀರ ಸಡಿಲ ಬಿಟ್ಟರೆ ಜೀನು ಹೊಟ್ಟೆಯಡಿಗೆ ಜಾರಿ ಪ್ರಾಣಾಪಾಯ. ಹತ್ತುವಾಗ ರಿಕಾಪಿನಲ್ಲಿ ಕಾಲಿಟ್ಟು ಅರೆಭಾರ ಹಾಕಿ ಇಳಿಯುವುದು, ಎರಡೂ ಬದಿಯಿಂದ, ಹತ್ತಾರು ಸಲ. ಕೂತ ಮೇಲೂ ಹೊಸಬನಿಗೆ ಗೊತ್ತಿರಲೇಬೇಕಾದ್ದು ಒಂದು ಕಡೆಯ ಲಗಾಮಿನ ಉಪಯೋಗ. ಕುದುರೆಯ ಬಲ ಹುಟ್ಟುವುದು ಹಿಂಗಾಲಲ್ಲಿ. ಓಡಲು, ನೆಗೆಯಲು ಎರಡೂ ಹಿಂಗಾಲು ನೇರ ಊರಬೇಕು. ಎರಡೂ ಲಗಾಮು ಹಿಂದಕ್ಕೆ ಜಗ್ಗಿದರೆ ಅದಕ್ಕೆ ಒರಗಲು ಆಸರೆ ಸಿಕ್ಕಂತಾಗುತ್ತದೆ. ಒಂದೇ ಲಗಾಮಿನಿಂದ ಮೆಲ್ಲಗೆ ಕತ್ತು ಬಾಗಿಸಿದರೆ ಹಿಂಭಾಗ ಪಕ್ಕಕ್ಕೆ ಸರಿದು ಒಂದು ಹಿಂಗಾಲು ಇನ್ನೊಂದನ್ನು ದಾಟುತ್ತದೆ. ಆಗ ನೆಗೆಯುವ ಬಲ ಕರಗುತ್ತದೆ. ಇದನ್ನು ನಿಂತಲ್ಲೇ ನೂರು ಸಲ ಅಭ್ಯಾಸ ಮಾಡಿದವನಿಗೆ ಬೆದರಿದ ಕುದುರೆಯ ಮೇಲೆ ಅದು ತಾನಾಗಿ ಕೈಗೆ ಬರುತ್ತದೆ.

ವಯಸ್ಸಿನ ಮಾತೂ ಇದೆ. ಬೆನ್ನುಮೂಳೆಯ ಬೆಳವಣಿಗೆ ಪೂರ್ಣವಾಗುವುದು ಐದಾರು ವರ್ಷಕ್ಕೆ. ನಮ್ಮ ಕುಣಿಗಲ್ಲಿನಲ್ಲಿ, ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಮ್ಮಿನಲ್ಲಿ ಹುಟ್ಟುವಂಥ ರೇಸಿನ ಮರಿಗಳಿಗೆ ಎರಡು ವರ್ಷದ ಆಸುಪಾಸಿನಲ್ಲೇ ಸವಾರನ ಪರಿಚಯವಾಗುತ್ತದೆ. ರೇಸಿನ ಲೆಕ್ಕಾಚಾರ ಬೇರೆ. ಇಪ್ಪತ್ತು ವರ್ಷ ದುಡಿಯಬೇಕಾದ ರ‍್ಯಾಂಚ್ ಕುದುರೆಗೆ ಆ ಅವಸರ ಬೇಡ. ಎರಡು ಮೂರು ವರ್ಷಕ್ಕೆ ಕೆಲವು ವಾರ ಹಗುರ ಸವಾರಿ ಮಾಡಿಸಿ, ಮತ್ತೆ ಹುಲ್ಲುಗಾವಲಿಗೆ ಬಿಟ್ಟು, ಮುಂದಿನ ವರ್ಷ ಮುಂದುವರಿಸುವವರು ನನಗೆ ಹೆಚ್ಚು ಬಲ್ಲವರಂತೆ ಕಾಣುತ್ತಾರೆ.

ಹೊಸ ಹೋರಿಯನ್ನು ನಮ್ಮ ರೈತರು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುವಂತೆ, ಇಲ್ಲಿ ಎಳೆಗುದುರೆಯನ್ನು ಹಳೆಯ ಕುದುರೆಯ ಪಕ್ಕದಲ್ಲಿ ಹಗ್ಗ ಹಿಡಿದು ನಡೆಸುತ್ತಾರೆ. ಹಳ್ಳ ದಾಟುವುದು, ದನಕ್ಕೆ ಹೆದರದಿರುವುದು ಹಾಗೇ ಬರುತ್ತದೆ. ಮನುಷ್ಯ ಕಲಿಸಬೇಕಾದ್ದು ಅಷ್ಟು ಕಡಿಮೆಯಾಯಿತು.

ಸಂಜೆ ಹುಲ್ಲುಗಾವಲಿಗೆ ಬಿಡುವಾಗ ಇನ್ನೊಂದು ಪದ್ಧತಿ. ಗೇಟು ದಾಟಿಸಿ, ಕುದುರೆಯನ್ನು ಮತ್ತೆ ಗೇಟಿನ ಕಡೆಗೇ ತಿರುಗಿಸಿ ನಿಲ್ಲಿಸುತ್ತಾರೆ, ಬಿಟ್ಟೊಡನೆ ಸುಂಯ್ಯನೆ ತಿರುಗಿ ಒದೆಯದಿರಲಿ ಎಂದು. ಕತ್ತಿನ ಮೇಲೆ ತೋಳು ಹಾಕಿ, ಅದು ತಲೆ ತಗ್ಗಿಸಿ ಉಸಿರು ಬಿಡುವವರೆಗೆ ಕಾದು, ಆಮೇಲೆ ಮುಖದಾರ ಕಳಚುತ್ತಾರೆ. ಹೊಸಬನ ಕೆಲಸ ಹೇಗಾಯಿತು ಎಂದು ಹಳಬರು ನೋಡುವುದು ಆಗ. ಹಗ್ಗ ಪೂರ್ತಿ ಕೈಗೆ ಬಂದ ಮೇಲೂ ಎಳೆಗುದುರೆ ಎಷ್ಟು ಹೊತ್ತು ಅಲ್ಲೇ ನಿಂತಿತು ಎಂದು.