ವಾಹನ ತಿರುಗಿಸುವಾಗ ಬರುವ ಗರಗರ ಸದ್ದು

ಕೊಯ್ಲು ಮುಗಿದು ಮೂಟೆಗಳನ್ನು ಕ್ಯೂರಿಂಗ್ ವರ್ಕ್ಸಿಗೆ ಸಾಗಿಸುವ ದಿನಗಳಲ್ಲಿ ಸಂಘದ ಕಚೇರಿಯ ಮುಂದೆ ಬಂದು ನಿಲ್ಲುವ ಜೀಪು, ಪಿಕಪ್ಪು, ಕಾರುಗಳ ಪೈಕಿ ಹಲವು ಒಂದಲ್ಲ ಒಂದು ಸದ್ದು ಮಾಡುತ್ತಲೇ ಬರುತ್ತವೆ. ನೆಟ್ಟಗೆ ಹೋಗುವಾಗ ಸುಮ್ಮನಿದ್ದು, ಸ್ಟೀರಿಂಗ್ ತಿರುಗಿಸಿದೊಡನೆ ಗರಗರ ಎನ್ನುವ ಸದ್ದಿನ ಬಗ್ಗೆ ಸದಸ್ಯರು ನಮ್ಮನ್ನು ಆಗಾಗ ಕೇಳುವುದುಂಟು. ನಾವು ಮೆಕ್ಯಾನಿಕರಲ್ಲ. ಆದರೆ ಈ ಸದ್ದನ್ನು ಅಲಕ್ಷಿಸಿ ಒಮ್ಮೆ ಪೆಟ್ಟು ತಿಂದವರಾದುದರಿಂದ ತಿಳಿದಷ್ಟನ್ನು ಬರೆಯುತ್ತಿದ್ದೇವೆ.

ಮೊದಲು ಮಾಡತಕ್ಕ ಕೆಲಸವೆಂದರೆ ಸರಿಯಾಗಿ ಕೇಳಿಸಿಕೊಳ್ಳುವುದು. ಕಣ ಖಾಲಿಯಿದ್ದಾಗ ಬೇರೊಬ್ಬರಿಂದ ವಾಹನವನ್ನು ನಿಧಾನವಾಗಿ ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಓಡಿಸಿ ನಾವು ದೂರದಲ್ಲಿ ನಿಂತು ಆಲಿಸಬೇಕು. ಒಳಗೆ ಕುಳಿತವನಿಗೆ ಎಲ್ಲ ಸದ್ದೂ ಕಾಲಬುಡದಿಂದಲೇ ಬಂದಂತೆ ತೋರುತ್ತದೆ.

ವಾಹನ ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆದುದರಿಂದ ಎಡತಿರುವಿನಲ್ಲಿ ಸದ್ದು ಹೆಚ್ಚಿದರೆ ಬಲಚಕ್ರದ ಬೇರಿಂಗನ್ನೂ, ಬಲತಿರುವಿನಲ್ಲಿ ಹೆಚ್ಚಿದರೆ ಎಡದ್ದನ್ನೂ ಮೊದಲು ಸಂಶಯಿಸಬೇಕು. ಈ ಸಣ್ಣ ಸಂಗತಿ ನಮಗೆ ಆಗ ತಿಳಿದಿರಲಿಲ್ಲ. 2014ರ ಫೆಬ್ರವರಿಯಲ್ಲಿ ನಮ್ಮ ಪಿಕಪ್ಪು ಎಡತಿರುವುಗಳಲ್ಲಿ ಗರಗರ ಎನ್ನತೊಡಗಿತು. ಪೇಟೆಯ ಒಂದು ಗ್ಯಾರೇಜಿನವರು ಎಡಚಕ್ರವನ್ನಷ್ಟೇ ಬಿಚ್ಚಿ ನೋಡಿ, ಟೈ ರಾಡ್ ಎಂಡ್ ಬದಲಿಸಿ, ಎಲ್ಲ ಸರಿಯಾಯಿತೆಂದು ಬಿಲ್ಲು ಕೊಟ್ಟರು. ವಾರದೊಳಗೆ 15 ಮೂಟೆ ಅಡಿಕೆ ಹೇರಿಕೊಂಡು ಚಾರ್ಮಾಡಿ ಘಾಟಿಯಲ್ಲಿ ಇಳಿಯುತ್ತಿದ್ದಾಗ ಗ್ರೀಸು ಸುಟ್ಟ ವಾಸನೆ ಬಂತು, ಸ್ಟೀರಿಂಗ್ ನಡುಗಿತು. ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆವು. ಬಲಚಕ್ರದ ಹಬ್ಬು ಮುಟ್ಟಲಾರದಷ್ಟು ಕಾದಿತ್ತು; ಬಿಚ್ಚಿದಾಗ ರೋಲರುಗಳು ನೀಲಿಗಟ್ಟಿದ್ದವು. ಇನ್ನೊಂದೆರಡು ತಿರುವು ಇಳಿದಿದ್ದರೆ ಏನಾಗುತ್ತಿತ್ತೋ.

ಬೇರಿಂಗ್ ಪರೀಕ್ಷೆ ಕಷ್ಟವಲ್ಲ. ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕಿಯಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡು ಇಟ್ಟ ಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಸಡಿಲ ಕಂಡರೆ ಬೇರಿಂಗಿನದೋ ಬಾಲ್ ಜಾಯಿಂಟಿನದೋ ಇರಬಹುದು. ಎಡಬಲ ಹಿಡಿದಾಗ ಮಾತ್ರ ಅಲುಗಿದರೆ ಅದು ಟೈ ರಾಡಿನ ದೋಷ. ಬಳಿಕ ಸ್ಪ್ರಿಂಗಿನ ಮೇಲೆ ಒಂದು ಕೈಯಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿದರೆ ಒರಟು ಬೇರಿಂಗಿನ ನಡುಕ ಕೈಗೇ ತಿಳಿಯುತ್ತದೆ. ಹಳೆಯ ಜೀಪುಗಳಲ್ಲಿ ಬೇರಿಂಗ್ ಕೆಟ್ಟಿರದಿದ್ದರೆ ತೊಳೆದು, ಹೊಸ ಗ್ರೀಸು ತುಂಬಿ, ಚಕ್ರ ತಿರುಗಿಸುತ್ತ ನಟ್ಟು ಬಿಗಿದು, ಸ್ವಲ್ಪ ಸಡಿಲಿಸಿ ಲಾಕ್ ಮಾಡಿದರಾಯಿತು. ಇಂದಿನ ಕಾರುಗಳ ಮುಚ್ಚಿದ ಬೇರಿಂಗಿಗೆ ಬದಲಿಯೊಂದೇ ದಾರಿ.

ನಮ್ಮ ಕಡೆ ಬೇರಿಂಗ್ ಬೇಗ ಹಾಳಾಗಲು ಹಳ್ಳ ದಾಟುವುದೂ ಒಂದು ಕಾರಣ. ಓಡಿ ಬಿಸಿಯಾದ ಹಬ್ಬು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪ್ರೆಶರ್ ಪಂಪಿನಿಂದ ಹಬ್ಬಿಗೇ ಗುರಿಯಿಟ್ಟು ತೊಳೆಯುವುದೂ ಅಷ್ಟೇ ಕೆಟ್ಟದ್ದು.

ಮಾರುತಿ 800, ಆಲ್ಟೋ ಮುಂತಾದ ಮುಂಚಕ್ರ ಎಳೆಯುವ ಕಾರುಗಳಲ್ಲಿ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಟಕ್ ಟಕ್ ಎಂದರೆ ಅದು ಆಕ್ಸಲ್ ತುದಿಯ ಸಿ.ವಿ. ಜಾಯಿಂಟು. ಅದರ ರಬ್ಬರ್ ಬೂಟು ಹರಿದು, ಗ್ರೀಸು ಚೆಲ್ಲಿ, ಕೆಸರು ಹೊಕ್ಕಿರುತ್ತದೆ. ಹರಿದ ಕೂಡಲೇ ಕಂಡರೆ ಬೂಟು ಮತ್ತು ಗ್ರೀಸಿನ ಖರ್ಚಿನಲ್ಲಿ ಮುಗಿಯುತ್ತದೆ. ಸದ್ದು ಬಂದ ಮೇಲೆ ಜಾಯಿಂಟೇ ಹೋದಂತೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ಬಗ್ಗಿ ನೋಡುವ ಶ್ರಮಕ್ಕೆ ಏಕೆ ಸೋಮಾರಿತನವೋ ತಿಳಿಯದು.

ಜೀಪು, ಜಿಪ್ಸಿಗಳವರು ತೋಟದ ಏರಿನಲ್ಲಿ ಹಾಕಿದ ಫೋರ್ ವೀಲ್ ಡ್ರೈವನ್ನು ತೆಗೆಯದೆ ಡಾಂಬರು ರಸ್ತೆಗೆ ಬರುವುದುಂಟು. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಓಡಬೇಕು. ಎರಡೂ ಆಕ್ಸಲುಗಳು ಕೂಡಿಕೊಂಡಿರುವಾಗ ಅದು ಸಾಧ್ಯವಾಗದೆ ಸ್ಟೀರಿಂಗ್ ಬಿಗಿಯುತ್ತದೆ, ಟೈರು ಉಜ್ಜುತ್ತದೆ, ಗೇರುಗಳು ನರಳುತ್ತವೆ. ಲಿವರ್ ಹೊರಬರದಿದ್ದರೆ ಬಡಿಯಬಾರದು. ನಾಲ್ಕಾರು ಮಾರು ಹಿಂದಕ್ಕೆ ಓಡಿಸಿ ಎಳೆದರೆ ಬಿಡುತ್ತದೆ.

ಇದ್ದಕ್ಕಿದ್ದಂತೆ ಕಿವಿ ಕೊರೆಯುವ ಕರ್ಕಶ ಸದ್ದು ಬಂದರೆ ಹೆದರಬೇಡಿ; ಜಲ್ಲಿ ರಸ್ತೆಯ ಹರಳೊಂದು ಬ್ರೇಕ್ ಡಿಸ್ಕಿಗೂ ತಗಡಿಗೂ ನಡುವೆ ಸಿಕ್ಕಿರಬಹುದು. ಹಿಂದೆ ಮುಂದೆ ನಿಧಾನವಾಗಿ ಓಡಿಸಿದರೆ ಉದುರುತ್ತದೆ, ಇಲ್ಲವಾದರೆ ಚಕ್ರ ಬಿಚ್ಚಿ ತೆಗೆಯಬೇಕು. ಬ್ರೇಕ್ ತುಳಿದಾಗ ಕಬ್ಬಿಣ ಉಜ್ಜಿದ ಸದ್ದಾದರೆ ಪ್ಯಾಡು ಮುಗಿದಿದೆ. ಅಂಥ ವಾಹನದಲ್ಲಿ ಆಳುಗಳನ್ನು ಕೂರಿಸಿಕೊಂಡು ಹೊರಡಲೇಬಾರದು. ನಿಂತಲ್ಲೇ ತಿರುಗಿಸಿದರೂ ಕುಂಯ್ ಎಂದರೆ ಪವರ್ ಸ್ಟೀರಿಂಗಿನ ಎಣ್ಣೆಯ ಮಟ್ಟ ನೋಡಿ. ವಿದ್ಯುತ್ ಸ್ಟೀರಿಂಗಿನ ಹೊಸ ಕಾರುಗಳಲ್ಲಿ ಸಾಮಾನ್ಯವಾಗಿ ಆ ಎಣ್ಣೆ ಇರುವುದಿಲ್ಲ.

ಜಾಕಿ ಮತ್ತು ಒಂದು ಜೊತೆ ಸ್ಟ್ಯಾಂಡು ಸಂಘದ ಗೋದಾಮಿನಲ್ಲಿವೆ. ಪುಸ್ತಕದಲ್ಲಿ ರುಜು ಹಾಕಿ ಒಯ್ದು ಮರುದಿನ ಹಿಂದಿರುಗಿಸಬಹುದು. ಕಳೆದ ಸಲ ಒಯ್ದವರು ಜಾಕಿಯ ಹಿಡಿಯನ್ನು ಇನ್ನೂ ತಂದುಕೊಟ್ಟಿಲ್ಲ.