ಗಾಳಿ ತಿರುಗಿದ ಮೇಲೂ ನಿಲ್ಲುವ ಜಾಗ

ಹುಬ್ಬಳ್ಳಿಯ ವಿದ್ಯಾನಗರದಿಂದ ಕಾರವಾರದ ಕಡಲಿಗೆ ಯಲ್ಲಾಪುರ, ಅರಬೈಲು ಘಟ್ಟದ ದಾರಿಯಲ್ಲಿ ಸುಮಾರು 160 ಕಿಲೋಮೀಟರ್. ಹಡಗು ಎಲ್ಲಿ ಲಂಗರು ಹಾಕಬೇಕು ಎಂಬ ಚರ್ಚೆ ಬಯಲುಸೀಮೆಯವರಿಗೆ ಯಾಕೆ ಬೇಕು ಎಂದು ಇವತ್ತು ಅನ್ನಿಸಬಹುದು. ನೂರರವತ್ತು ವರ್ಷಗಳ ಹಿಂದೆ ಹಾಗೆ ಅನ್ನಿಸುತ್ತಿರಲಿಲ್ಲ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಸೇರಿ, ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ನಮ್ಮ ಎರೆಹೊಲದಲ್ಲಾದರೂ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಯಿತು. ಆದರೆ ಕುಮಟಾದ ಮುಂದೆ ಇರುವುದು ತೆರೆದ ಕಡಲು. ಮಳೆಗಾಲ ಹಿಡಿಯಿತೆಂದರೆ ಅಲ್ಲಿ ಹಡಗು ನಿಲ್ಲುವಂತಿರಲಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ಎಲ್ಲರ ಕಣ್ಣೂ ಉತ್ತರಕ್ಕಿದ್ದ ಕಾರವಾರದ ಕೊಲ್ಲಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಇದ್ದದ್ದು ಈ ಹತ್ತಿ ಮತ್ತು ಬಂದರಿನ ಲೆಕ್ಕಾಚಾರ. ಹಡಗಿಗೆ ಆಸರೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಒಂದು ಜಿಲ್ಲೆಯ ಆಡಳಿತವನ್ನೇ ಬದಲಿಸಿತು.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯನ್ನು ನಕ್ಷೆಯಲ್ಲಿ ನೋಡಿದರೆ ಆಸರೆಗೆ ಕೊರತೆಯೇ ಇಲ್ಲ ಎನ್ನಿಸುತ್ತದೆ. ಸಹ್ಯಾದ್ರಿಯ ಕವಲುಗಳು ಇಲ್ಲಿ ಕಡಲಿನವರೆಗೂ ಚಾಚಿಕೊಂಡಿವೆ. ಎರಡು ಗುಡ್ಡಗಳ ನಡುವೆ ಒಂದು ಕೊಲ್ಲಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಗಳು. ಕಾರವಾರದ ಎದುರಿಗೆ ಕೂರ್ಮಗಡ, ದೇವಗಡ, ತುಸು ದಕ್ಷಿಣಕ್ಕೆ ಅಂಜದೀವ, ಹೊನ್ನಾವರದ ಹತ್ತಿರ ಬಸವರಾಜದುರ್ಗ, ಮುರ್ಡೇಶ್ವರದಾಚೆ ನೇತ್ರಾಣಿ. ಈ ಸಮೃದ್ಧಿಯೇ ಮೋಸ ಮಾಡುತ್ತದೆ ಎಂಬುದು ನನ್ನ ವಾದ. ಲಂಗರು ಹಾಕುವ ಜಾಗವನ್ನು ಅಲ್ಲಿಗೆ ತಲುಪಿದ ಹೊತ್ತಿನ ನೀರು ನೋಡಿ ಆರಿಸಬಾರದು. ಆ ಋತುವಿನಲ್ಲಿ ಬೀಸಬಹುದಾದ ಅತಿ ಕೆಟ್ಟ ಗಾಳಿಯನ್ನು ಮೊದಲು ಎಣಿಸಿ, ಅದು ಎದ್ದಾಗಲೂ ದೋಣಿ ಅಲ್ಲಿ ನಿಂತೀತೇ, ನಿಲ್ಲದಿದ್ದರೆ ಕತ್ತಲಲ್ಲಿ ಹೊರಬೀಳಲು ದಾರಿ ಇದೆಯೇ ಎಂದು ಕೇಳಿಕೊಂಡು ಆರಿಸಬೇಕು. ನಮ್ಮ ಕಡಲಲ್ಲಿ ಈ ಎಚ್ಚರ ದಿನನಿತ್ಯದ್ದು. ಅಕ್ಟೋಬರ್‌ನಿಂದ ಮೇ ತನಕ ಬೆಳಗಿನ ಜಾವ ನೆಲದ ಕಡೆಯಿಂದ ಮೂಡಗಾಳಿ ಮೆಲ್ಲಗೆ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಮುಂಜಾನೆ ಎಂಟಕ್ಕೆ ಕೊಳದಂತಿದ್ದ ಕೊಲ್ಲಿ, ಬಡಗು ಪಡುವಣಕ್ಕೆ ತೆರೆದಿದ್ದರೆ, ಮೂರು ಗಂಟೆಗೆ ದೋಣಿಯನ್ನು ದಡದತ್ತ ದೂಡತೊಡಗುತ್ತದೆ. ಜೂನ್‌ನಲ್ಲಿ ಗಾಳಿ ನೈಋತ್ಯ ಮತ್ತು ಪಶ್ಚಿಮಕ್ಕೆ ತಿರುಗುತ್ತದೆ, ಲೆಕ್ಕ ಪೂರ್ತಿ ಅದಲುಬದಲಾಗುತ್ತದೆ. ಕಾರವಾರದ ಬೈತಖೋಲ ಸರ್ವಋತು ಬಂದರು ಎನ್ನಿಸಿಕೊಂಡಿರುವುದು ಅದರ ನೈಋತ್ಯಕ್ಕೆ ಕಾರವಾರ ಭೂಶಿರದ ಗುಡ್ಡ ಅಡ್ಡ ನಿಂತಿರುವುದರಿಂದ. ಕುಮಟಾಕ್ಕೆ ಅಂಥ ಗುಡ್ಡ ಒದಗಲಿಲ್ಲ.

ಹಾಗಿದ್ದರೆ ದ್ವೀಪದ ಹಿಂದೆ ನಿಂತರೆ ಸಾಕಲ್ಲ ಎಂದು ಕೇಳಬಹುದು. ದ್ವೀಪ ಗಾಳಿಯನ್ನು ತಡೆದಷ್ಟು ಸುಲಭವಾಗಿ ಅಲೆಯನ್ನು ತಡೆಯುವುದಿಲ್ಲ. ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಲ್ಲಿ ಹುಟ್ಟಿ ಬರುವ ನೀಳ ಅಲೆಗಳನ್ನು ನೋಡಿ: ಹನ್ನೆರಡು ಸೆಕೆಂಡಿಗೊಮ್ಮೆ ಬರುವ ಅಲೆಗಳಲ್ಲಿ ಒಂದರ ನೆತ್ತಿಯಿಂದ ಮುಂದಿನದರ ನೆತ್ತಿಗೆ ಆಳದ ಕಡಲಲ್ಲಿ ಸುಮಾರು 225 ಮೀಟರ್. ಅಷ್ಟೇ ಅಗಲದ ಬಂಡೆದ್ವೀಪ ಅದರ ಮುಂದೆ ದೊಡ್ಡ ಅಡ್ಡಿಯಲ್ಲ. ಅಲೆ ಎರಡೂ ಪಕ್ಕದಿಂದ ಬಾಗಿ ಬಂದು ದ್ವೀಪದ ಬೆನ್ನಿಗೆ ಕೂಡುತ್ತದೆ, ಕೂಡಿದಲ್ಲಿ ನೀರು ದಿಕ್ಕಿಲ್ಲದೆ ಕುದಿಯುತ್ತದೆ. ಗಾಳಿಯಿಲ್ಲದ ರಾತ್ರಿಯಲ್ಲೂ ದೋಣಿ ಎಡಬಲಕ್ಕೆ ಹೊಯ್ದಾಡಿ ಹಗ್ಗ ಬಂಡೆಗೆ ಉಜ್ಜಿ ಸವೆಯುವುದು ಇಂಥ ಕಡೆ. ಅಂಜದೀವ ಸುಮಾರು ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಮಲಗಿರುವುದರಿಂದ ಅದರ ಒಳಮಗ್ಗುಲಿಗೆ ನಿಜವಾದ ಮರೆ ಇದೆ. ನಡುಗಡಲಲ್ಲಿ ಒಂಟಿಯಾಗಿರುವ ನೇತ್ರಾಣಿಗೆ ಆ ಗುಣವಿಲ್ಲ, ಅಲ್ಲಿ ಲಂಗರು ಎಸೆದರೆ ತಳದ ಹವಳಕ್ಕೂ ಪೆಟ್ಟು.

ತಳದ ಮಾತು ಬಂದಿದ್ದರಿಂದ ಅದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಹೊಸಬರು ಎಡವುವುದು ಇಲ್ಲಿ. ದೋಣಿಯನ್ನು ಹಿಡಿದು ನಿಲ್ಲಿಸುವುದು ಲಂಗರಿನ ತೂಕವೊಂದೇ ಎಂದು ಬಹಳ ಜನ ಭಾವಿಸಿದ್ದಾರೆ. ಲಂಗರಿನ ಕೊಕ್ಕೆ ನೆಲದಲ್ಲಿ ಹೂತುಕೊಂಡಾಗಲೇ ಅದಕ್ಕೆ ಹಿಡಿತ. ಗಟ್ಟಿ ಕೆಸರು, ಒತ್ತಾದ ಹೊಯಿಗೆ ಒಳ್ಳೆಯವು. ಅಳಿವೆಯ ಬಾಯಲ್ಲಿ ಹೊಸದಾಗಿ ಕೂತ ತೆಳುಕೆಸರಿನಲ್ಲಿ ಲಂಗರು ಜಾರುತ್ತದೆ. ಬಂಡೆಯ ಮೇಲೆ ಒಂದೋ ಕೆರೆದುಕೊಂಡು ಹೋಗುತ್ತದೆ, ಇಲ್ಲವೇ ಸಂದಿಗೆ ಸಿಕ್ಕಿ ಮೇಲೆ ಬರುವುದೇ ಇಲ್ಲ. ಹೂತ ಕೊಕ್ಕೆ ಹೂತೇ ಇರಬೇಕಾದರೆ ಎಳೆತ ನೆಲಕ್ಕೆ ಸಮನಾಗಿ ಬರಬೇಕು, ಅದಕ್ಕಾಗಿ ಹಗ್ಗ ಅಥವಾ ಸರಪಳಿಯನ್ನು ಆಳದ ಐದರಿಂದ ಏಳು ಪಟ್ಟು ಬಿಡಬೇಕು. ಇಳಿತದ ಹೊತ್ತಿನಲ್ಲಿ ಐದು ಮೀಟರ್ ಆಳ ಕಂಡು ಇಪ್ಪತ್ತೈದು ಮೀಟರ್ ಹಗ್ಗ ಬಿಟ್ಟವನು ಐದು ಪಟ್ಟು ಬಿಟ್ಟೆ ಎಂದುಕೊಳ್ಳುತ್ತಾನೆ. ಕಾರವಾರದಲ್ಲಿ ದೊಡ್ಡ ಉಬ್ಬರಕ್ಕೆ ನೀರು ಸುಮಾರು ಎರಡು ಮೀಟರ್ ಏರುತ್ತದೆ, ಹಗ್ಗ ಹೊರಡುವ ದೋಣಿಯ ಮುಂತುದಿ ನೀರಿನಿಂದ ಒಂದು ಮೀಟರ್ ಮೇಲಿದೆ; ಒಟ್ಟು ಎಂಟು. ನಡುರಾತ್ರಿ ಉಬ್ಬರ ತುಂಬಿದಾಗ ಅವನ ಹಗ್ಗ ಬರೀ ಮೂರು ಪಟ್ಟು, ಲಂಗರು ಬುಡಮೇಲಾಗುವ ಲೆಕ್ಕ. ಬೇಕಿದ್ದದ್ದು ಕನಿಷ್ಠ ನಲವತ್ತು ಮೀಟರ್. ನಲವತ್ತು ಬಿಟ್ಟರೆ ಗಾಳಿ ತಿರುಗಿದಾಗ ದೋಣಿ ಸುಮಾರು ಅಷ್ಟೇ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತದೆ. ಆ ವೃತ್ತದೊಳಗೆ ಬಂಡೆಯಾಗಲಿ ಪಕ್ಕದವರ ದೋಣಿಯಾಗಲಿ ಇರಕೂಡದು. ನೋಡಲು ಚೆಲುವಾದ ಇಕ್ಕಟ್ಟಿನ ಕೊಲ್ಲಿಗಳು ಅರ್ಧಕ್ಕರ್ಧ ಈ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ.

ಗಾಳಿ, ತಳ ಎರಡೂ ಸರಿಯಿದ್ದರೂ ಜಾಗ ಸಾಲದೆ ಹೋಗಬಹುದು ಎಂಬುದಕ್ಕೆ ಅಂಜದೀವದ ಚರಿತ್ರೆಯೇ ಸಾಕ್ಷಿ. ಸಿಹಿನೀರು, ಮರೆ ಎರಡೂ ಇದ್ದ ಈ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವ ಮುನ್ನ ತಂಗಿ ಹಡಗು ದುರಸ್ತಿ ಮಾಡಿಕೊಂಡ. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಇಲ್ಲಿ ಕೋಟೆ ಕಟ್ಟಿಸಿದ. ದಾಳಿ ನಡೆದ ಮೇಲೆ, ಮಳೆಗಾಲದಲ್ಲಿ ನೆರವು ತಲುಪಿಸಲಾಗದು ಎಂದು ಕಂಡು ಪೋರ್ಚುಗೀಸರು ಸ್ವಲ್ಪ ಕಾಲದಲ್ಲೇ ಅದನ್ನು ಕೈಬಿಟ್ಟರು. 1662ರಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಅಬ್ರಹಾಂ ಶಿಪ್‌ಮನ್‌ನ ಇಂಗ್ಲಿಷ್ ಪಡೆಗೆ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಪಡೆ ಅಂಜದೀವದಲ್ಲಿ ಕಾಯುತ್ತ ಕೂತಿತು. ರೋಗ ಮತ್ತು ಕೊರತೆಯಿಂದ ನೂರಾರು ಸೈನಿಕರು ಸತ್ತರು, 1664ರಲ್ಲಿ ಶಿಪ್‌ಮನ್ ಕೂಡ. ಹಡಗಿಗೆ ಒಳ್ಳೆಯ ತಾಣವೇ ಹಡಗು ಬಿಟ್ಟುಹೋದ ಮೇಲೆ ಮನುಷ್ಯರಿಗೆ ಬಲೆಯಾಯಿತು. ಆಹಾರ, ವೈದ್ಯ, ದಡಕ್ಕೆ ದಾರಿ ಇವೂ ತಾಣದ ಲೆಕ್ಕಕ್ಕೆ ಸೇರಬೇಕು.

ಉಪಗ್ರಹ, ಹವಾಮಾನ ಮುನ್ಸೂಚನೆ, ಬಲವಾದ ಎಂಜಿನ್ ಇರುವಾಗ ಇದೆಲ್ಲ ಹಳೆಯ ಮಾತು ಎಂಬ ಆಕ್ಷೇಪಣೆಯಲ್ಲಿ ಸತ್ಯ ಇಲ್ಲದಿಲ್ಲ. ಮುನ್ಸೂಚನೆ ಎಷ್ಟೋ ಜೀವ ಉಳಿಸಿದೆ. ಆದರೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಎರಡು ಘಟನೆಗಳನ್ನು ನಮ್ಮ ಮುಂದಿಟ್ಟಿತು. ಮೂಲ್ಕಿಯ ಹತ್ತಿರದ ಬಂಡೆಗಳ ನಡುವೆ ಕೋರಮಂಡಲ್ ಸಪೋರ್ಟರ್-9 ಎಂಬ ಟಗ್ ಸಿಕ್ಕಿಕೊಂಡಿತು. ಎಂಜಿನ್ ಕೋಣೆಗೆ ನೀರು ನುಗ್ಗಿ ಚಾಲನೆ ನಿಂತುಹೋಗಿತ್ತು, ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ರಕ್ಷಣಾ ಪಡೆ ಪಾರುಮಾಡಿದವು. ಅದೇ ಚಂಡಮಾರುತದಲ್ಲಿ ಮುಂಬಯಿ ಆಚೆಯ ತೈಲಕ್ಷೇತ್ರದಲ್ಲಿ 261 ಜನರಿದ್ದ ಪಿ-305 ಬಾರ್ಜ್‌ನ ಲಂಗರುಗಳು ಕಿತ್ತುಬಂದು ಅದು ಮುಳುಗಿತು, ಹಲವು ಹತ್ತು ಜನ ಸತ್ತರು. ಎರಡಕ್ಕೂ ಮುನ್ಸೂಚನೆ ಇತ್ತು. ಎಂಜಿನ್ ಕೆಟ್ಟ ಗಳಿಗೆಯಲ್ಲಿ ಉಳಿಯುವುದು ನೆಲ, ಸರಪಳಿ ಮತ್ತು ಮೊದಲೇ ಮಾಡಿದ ಆಯ್ಕೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿ: ನಮ್ಮಲ್ಲಿ ಹಾಯಿದೋಣಿಯ ವಿಹಾರಿಗಳು ಎಷ್ಟು ಮಂದಿ, ಈ ಜ್ಞಾನ ಯಾರಿಗೆ? ಬೋಟು ನಡೆಸುವ ತಾಂಡೇಲನಿಗೆ, ಅವನನ್ನು ನಂಬಿದ ಮನೆಗಳಿಗೆ. ಅರಬ್ಬಿ ಸಮುದ್ರದಲ್ಲಿ ತೂಫಾನಿನ ಸೂಚನೆ ಬಂದಾಗ ಮಲ್ಪೆ, ಗೋವಾ, ಕೇರಳ, ತಮಿಳುನಾಡಿನ ಬೋಟುಗಳು ಓಡಿಬಂದು ಸಾಲುಗಟ್ಟುವುದು ಬೈತಖೋಲದಲ್ಲಿ. ಅಂಥ ಮರೆಗಳು ಈ ಕರಾವಳಿಯಲ್ಲಿ ಕೈಬೆರಳೆಣಿಕೆಯಷ್ಟು. ಬಿಣಗಾ, ಅರ್ಗಾದ ಕೊಲ್ಲಿಗಳು ಸೀಬರ್ಡ್ ನೌಕಾನೆಲೆಗೆ ಹೋದವು; ಅಂಜದೀವವನ್ನು ದಡಕ್ಕೆ ಜೋಡಿಸುವ ಅಲೆತಡೆಗೋಡೆ ಎದ್ದಿತು, ದೇಶದ ರಕ್ಷಣೆಗೆ ಅದು ಬೇಕಿತ್ತೆಂದು ಒಪ್ಪುತ್ತೇನೆ. ಈಗ ಕಾರವಾರ ಬಂದರಿನ ವಿಸ್ತರಣೆ, ಹೊನ್ನಾವರದ ಕಾಸರಕೋಡ, ಅಂಕೋಲೆಯ ಕೇಣಿ ಎಂದು ಹೊಸ ಯೋಜನೆಗಳು ಸಾಲಾಗಿ ಬಂದಿವೆ, ಮೂರೂ ಕಡೆ ಮೀನುಗಾರರು ಪ್ರತಿಭಟಿಸಿದ್ದಾರೆ. ಹುಬ್ಬಳ್ಳಿಯ ವ್ಯಾಪಾರಕ್ಕೆ ಹತ್ತಿರದ ಬಂದರು ಬೇಕು ಎಂಬ ನಮ್ಮ ಆಸೆ ಹತ್ತಿಯ ಕಾಲದಷ್ಟೇ ಹಳೆಯದು, ಅದು ತಪ್ಪೂ ಅಲ್ಲ. ಆದರೆ ದೊಡ್ಡ ಹಡಗಿನ ಕಟ್ಟೆಗಾಗಿ ಒಂದು ಕೊಲ್ಲಿಯನ್ನು ಮುಚ್ಚಿದರೆ ಅದರ ಬದಲಿಗೆ ಗುಡ್ಡ ತಂದು ನಿಲ್ಲಿಸಲು ಆಗುವುದಿಲ್ಲ. ತೂಫಾನಿನ ರಾತ್ರಿ ಸಣ್ಣ ಬೋಟುಗಳು ಎಲ್ಲಿ, ಎಷ್ಟು, ಯಾವ ತಳದ ಮೇಲೆ ನಿಲ್ಲುತ್ತವೆ ಎಂಬುದನ್ನು ತಾಂಡೇಲರನ್ನೇ ಕೂರಿಸಿಕೊಂಡು ಗುರುತಿಸಿ, ಯೋಜನಾ ವರದಿಯಲ್ಲಿ ಬರೆಯಬೇಕು. ಆ ಪುಟವಿಲ್ಲದ ಬಂದರು ಯೋಜನೆಗೆ ಸರಕಾರ ಒಪ್ಪಿಗೆ ಕೊಡಬಾರದು. ಹುಬ್ಬಳ್ಳಿಯ ವರ್ತಕರೂ ಇದನ್ನೇ ಕೇಳಬೇಕು.